ಸತ್ತಿಗೆ ಹೋದ ಕಪ್ಪೆ

ಬೆಳಿಗ್ಗೆ ಆರೂವರೆಗೆ ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಕಾಗವಾಡದ ಬಸ್ ಹತ್ತಿದೆ. ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ ಪಡೆದೆ. ತೊಡೆಯ ಮೇಲಿದ್ದ ರಟ್ಟಿನ ಡಬ್ಬಿಯ ಮೇಲೆ ಕಂಡಕ್ಟರನ ಕಣ್ಣು ಬಿತ್ತು.

"ಅಕ್ಕಾರ, ಡಬ್ಬ್ಯಾಗ ಏನೈತ್ರಿ?"

"ಕಪ್ಪಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಜೀವಂತ ಐತೇನ್ರಿ?"

"ಇಲ್ರಿ, ಬ್ಯಾಟರಿದು."

ನಾನು ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಬಿಡುವಿದ್ದಾಗ ಹಳ್ಳಿ ಶಾಲೆಗಳಿಗೆ ಹೋಗಿ ಹುಡುಗಿಯರಿಗೆ ಸಣ್ಣ ಯಂತ್ರಗಳನ್ನು ತೋರಿಸುವುದು ನನ್ನ ಹವ್ಯಾಸ. ಸೋಪಿನ ಡಬ್ಬಿ ಮತ್ತು ಹಳೆಯ ಆಟಿಕೆಯ ಮೋಟರ್ ಸೇರಿಸಿ ಮಾಡಿದ ಆ ಕಪ್ಪೆ, ಚಪ್ಪಾಳೆ ತಟ್ಟಿದರೆ ಜಿಗಿಯುತ್ತದೆ. ಅದನ್ನು ಮಾಡಲು ನನಗೆ ಎರಡು ತಿಂಗಳು ಹಿಡಿದಿತ್ತು.

ಮಾಂಜರಿಯ ಬಳಿ ಕೃಷ್ಣೆಯ ಸೇತುವೆ ದಾಟುವಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಇಕ್ಕೆಲದಲ್ಲಿ ಕಬ್ಬು. ರಸ್ತೆಯ ತಗ್ಗುಗಳಲ್ಲಿ ಬಸ್ಸು ಎತ್ತಿ ಹಾಕಿದಾಗಲೆಲ್ಲ ಡಬ್ಬಿಯನ್ನು ಅವುಚಿಕೊಂಡೆ. ಗಡಿಯೂರು ಕಾಗವಾಡದಲ್ಲಿ ಮರಾಠಿಯಲ್ಲೇ ಚಹಾ ಹೇಳಿ, ಬಿಸಿ ಭಜಿ ತಿಂದು, ಅಥಣಿಯ ಬಸ್ ಹಿಡಿದೆ. ಅಲ್ಲಿಂದ ಮತ್ತೊಂದು ಬಸ್. ನದಿ ದಂಡೆಯ ಸತ್ತಿ ಎಂಬ ಹಳ್ಳಿ ತಲುಪಿದಾಗ ಹನ್ನೊಂದು ದಾಟಿತ್ತು.

ಶಾಲೆಯ ಒಂದು ಕೋಣೆಯಲ್ಲಿ ಇಪ್ಪತ್ತರಷ್ಟು ಹುಡುಗಿಯರು ಕಾಯುತ್ತಿದ್ದರು. ಬಣ್ಣದ ದೀಪ ಮಿನುಗಿಸುವುದು, ಬೆರಳು ತಾಗಿದರೆ ಕೂಗುವ ಗಂಟೆ, ಎಲ್ಲ ಸರಾಗವಾಗಿ ನಡೆಯಿತು. ಕಪ್ಪೆಯನ್ನು ಊಟದ ನಂತರ ತೋರಿಸುವುದೆಂದು ಮೇಜಿನ ಮೇಲಿಟ್ಟು, ಶಿಕ್ಷಕಿಯರ ಜೊತೆ ರೊಟ್ಟಿ, ಶೇಂಗಾ ಚಟ್ನಿ ಉಣ್ಣಲು ಹೋದೆ.

ಮರಳಿ ಬಂದಾಗ ಕಪ್ಪೆಯ ಹೊಟ್ಟೆ ಬಿಚ್ಚಿತ್ತು. ಎಂಟನೇ ತರಗತಿಯ ರಾಜಮತಿ ಎಂಬ ಹುಡುಗಿ ಕೈಯಲ್ಲಿ ತಲೆಪಿನ್ನು ಹಿಡಿದು ಅದರ ಮೇಲೆ ಬಾಗಿದ್ದಳು.

"ಯಾರು ಮುಟ್ಟು ಅಂದ್ರು ನಿನಗ? ಕೆಡಿಸಿ ಕುಂತೀಯಲ್ಲ!" ನಾನು ಎಲ್ಲರೆದುರು ಗದರಿದೆ.

ಅವಳ ಕಣ್ಣು ತುಂಬಿತು. ಆದರೂ ಮಾತು ನಿಲ್ಲಲಿಲ್ಲ. "ನಾ ಕೆಡಿಸಿಲ್ರಿ ಮೇಡಂ. ಚಪ್ಪಾಳಿ ತಟ್ಟಿದ್ವಿ, ಜಿಗೀಲಿಲ್ಲ. ಅದಕ್ಕ ಬಿಚ್ಚೀನಿ. ಇಲ್ನೋಡ್ರಿ, ಬೆಸಗಿ ಬಿಟ್ಟೈತಿ."

ನೋಡಿದೆ. ಮೋಟರಿನ ತಂತಿ ಬೆಸುಗೆ ಬಿಟ್ಟು ತೂಗಾಡುತ್ತಿತ್ತು. ಬಸ್ಸಿನ ಕುಲುಕಾಟಕ್ಕೆ ಕಿತ್ತಿರಬೇಕು. ತಪ್ಪು ನನ್ನದೇ. ಅದನ್ನು ಎಲ್ಲರೆದುರೇ ಒಪ್ಪಿಕೊಂಡೆ.

"ನಮ್ಮಪ್ಪನ ಅಂಗಡ್ಯಾಗ ಬೆಸಗಿ ಹಾಕೂದು ಐತ್ರಿ, ತರ್ತೀನಿ" ಎಂದು ಓಡಿದಳು.

ಅವಳು ಬಂದಾಗ ಹಿಂದೆ ತಂದೆಯೂ ಬಂದ. ಪಂಪಿನ ಮೋಟರ್‌ಗಳಿಗೆ ತಂತಿ ಸುತ್ತುವ ಕೆಲಸದವನು. ಅಂಗಿಯ ತೋಳಿಗೆ ಮಸಿ ಹತ್ತಿತ್ತು. ಬೆಸುಗೆಯ ಸಲಾಕೆ ಅವನ ಕೈಯಲ್ಲೇ ಇತ್ತು.

"ಕೊಡ್ರಿ ಮೇಡಮ್ಮಾರ, ನಾ ಹಾಕಿ ಕೊಡ್ತೀನಿ. ಇಕಿಗೆ ಅಂಗಡ್ಯಾಗ ಕಾಲಿಡಬ್ಯಾಡ ಅಂದೀನಿ, ಕೇಳಂಗಿಲ್ಲ."

"ಅಕಿನ ಹಾಕ್ಲಿ ಬಿಡ್ರಿ" ಎಂದೆ. "ದೋಷ ಹುಡುಕಿದಾಕಿ ಅಕಿ."

ಅವನು ಸಲಾಕೆಯ ಹಿಡಿಯನ್ನು ಅಂಗಿಗೆ ಒರೆಸಿ, ಮಗಳ ಕೈಗಿಟ್ಟ.

ರಾಜಮತಿ ತಂತಿಯ ತುದಿ ಕೆರೆದು, ರಾಳ ಹಚ್ಚಿ, ಪ್ಲಗ್ಗಿಗೆ ಹಾಕಿ ಕಾಯಿಸಿದ ಸಲಾಕೆಯಿಂದ ತವರ ಕರಗಿಸಿ ತಾಗಿಸಿದಳು. ಕೋಣೆಯಲ್ಲಿ ರಾಳದ ಹೊಗೆಯ ವಾಸನೆ ಹರಡಿತು. ಮೊದಲ ಸಲ ತವರ ಜಾರಿಬಿತ್ತು. ಎರಡನೇ ಸಲ ಕೂತಿತು. ಸೋಪಿನ ಡಬ್ಬಿ ಮುಚ್ಚಿ ಅವಳು ಹಿಂದೆ ಸರಿದಳು. ಇಪ್ಪತ್ತು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಕಪ್ಪೆ ಜಿಗಿದು ಮೇಜಿನಿಂದ ಕೆಳಗೆ ಬಿತ್ತು. ಬಿದ್ದಲ್ಲೂ ಜಿಗಿಯಿತು. ಹುಡುಗಿಯರು ಕಿರುಚಿಕೊಂಡು ಬೆಂಚು ಹತ್ತಿದರು.

"ಯಾವಾಗ ಕಲತೀ?" ತಂದೆ ಕೇಳಿದ.

"ನೀ ಮಾಡೂದು ಕಿಡಕ್ಯಾಗಿಂದ ನೋಡಿ."

ಅವನು ಕಪ್ಪೆಯನ್ನು ಎತ್ತಿಕೊಂಡು, ಡಬ್ಬಿ ತೆರೆದು, ಬೆಸುಗೆಯನ್ನು ಬೆಳಕಿಗೆ ಹಿಡಿದ. "ಕಾವು ಜಾಸ್ತಿ ಆಗೇತಿ. ಕಿಡಕ್ಯಾಗಿಂದ ನೋಡಿದ್ರ ಇಷ್ಟೇ ಬರತೈತಿ. ನಾಳೆ ಅಂಗಡಿ ಒಳಗ ಬಾ."

ರಾಜಮತಿ ಪಕ್ಕದಲ್ಲಿದ್ದ ಗೆಳತಿಯ ಕೈ ಹಿಡಿದುಕೊಂಡಳು.

ನಾಲ್ಕೂವರೆಯ ಅಥಣಿ ಬಸ್ಸಿಗೆ ಹೊರಟೆ. ಕಿಟಕಿಯಿಂದ ಹಿಂತಿರುಗಿ ನೋಡಿದಾಗ ತಂದೆ, ಮಗಳು ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದರು. ಅವನು ಗಾಳಿಯಲ್ಲಿ ಬೆರಳಾಡಿಸಿ ಏನನ್ನೋ ವಿವರಿಸುತ್ತಿದ್ದ. ಅವಳು ತಲೆ ಅಲ್ಲಾಡಿಸಿ, ನಡುವೆ ತಡೆದು, ಹಾಗಲ್ಲವೆಂಬಂತೆ ತಾನೇ ಕೈಮಾಡಿ ತೋರಿಸುತ್ತಿದ್ದಳು.