ಕತ್ತರಿ ಅತ್ತೆ ಕತ್ತರಿಸಿದ ಕತ್ತುಗಳು

ಕತ್ತರಿ ಅತ್ತೆ ಜನರನ್ನು ಕೊಲೆಗೆ ಹುರಿದುಂಬಿಸುತ್ತಾರೆ ಎಂಬ ಸುದ್ದಿಯನ್ನು ಮೊಟ್ಟಮೊದಲು ಅವರಿಗೆ ತಿಳಿಸಿದ್ದು ಅವರದೇ ಫೋನು. ಬೆಳಿಗ್ಗೆ ತಿಂಡಿ ಮುಗಿಸಿ, ಹೊಲಿಗೆ ಯಂತ್ರಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟು, ನಿನ್ನೆ ಹಾಕಿದ ವಿಡಿಯೊಗೆ ಯಾರ್ಯಾರು ಏನೇನು ಬರೆದಿದ್ದಾರೆ ನೋಡೋಣವೆಂದು ಕನ್ನಡಕ ಏರಿಸಿದರೆ, ಪರದೆಯೆಲ್ಲ ಬಿಳಿ. ನಡುವೆ ಒಂದು ಕೆಂಪು ಗುರುತು, ಅದರ ಕೆಳಗೆ ಎರಡು ಸಾಲು. ಅತ್ತೆ ಒಮ್ಮೆ ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಏ, ಬಾರೇ ಇಲ್ಲಿ! ಇದೇನೋ ಬಾಯಿಗೆ ಬಂದಂಗೆ ಬೈತಾ ಇದೆ!"

ಅರ್ಧ ತಲೆ ಬಾಚಿದ್ದ ಸೊಸೆ ಬಾಚಣಿಗೆ ಸಮೇತ ಓಡಿಬಂದಳು. ಕಣ್ಣಿನ ಆಸ್ಪತ್ರೆಯೊಂದರಲ್ಲಿ ಚೀಟಿ ಕೊಡುವ ಕೆಲಸ ಅವಳದು. ಅತ್ತೆಯ ಖಾತೆ ತೆರೆದುಕೊಟ್ಟವಳೂ ಅವಳೇ. ಗಟ್ಟಿಯಾಗಿ ಓದಿದಳು: "ನಿಮ್ಮ ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ. ಕಾರಣ, ಹಿಂಸೆಗೆ ಪ್ರಚೋದನೆ."

"ಅಂದ್ರೆ?"

"ಹೊಡಿ, ಬಡಿ, ಕಡಿ ಅಂತ ನೀವು ಜನಕ್ಕೆ ಹೇಳ್ಕೊಡ್ತಿದ್ದೀರಂತೆ. ಅತ್ತೆ, ನಿನ್ನೆ ವಿಡಿಯೊದಲ್ಲಿ ಏನಂದ್ರಿ?"

"ಇನ್ನೇನನ್ಲಿ? ದಿನಾ ಅನ್ನೋದೇ. ಮೊದ್ಲು ಎರಡೂ ಕೈ ಕತ್ತರಿಸಿ ಪಕ್ಕಕ್ಕಿಡಿ. ಈಗ ಕತ್ತು. ಹೆದರ್ಬೇಡಿ, ಕೈ ನಡುಗ್ಬಾರ್ದು, ಒಂದೇ ಸಲಕ್ಕೆ ಕತ್ತರಿಸಿ. ತಡವರಿಸಿದ್ರೆ ಕತ್ತು ಕೆಟ್ಟುಹೋಗುತ್ತೆ."

ಸೊಸೆ ಬಾಚಣಿಗೆಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅತ್ತೆಗೆ ನಗು ಬರಲಿಲ್ಲ.

ಹೊಲಿಗೆಯವರ ಮಾತೇ ಹಾಗೆ. ಅವರ ಪಾಲಿಗೆ ಅಂಗಿಗೂ ಒಂದು ಮೈಯಿದೆ; ಕತ್ತಿದೆ, ಕೈಯಿದೆ, ಹೆಗಲು, ಬೆನ್ನು, ಸೊಂಟ ಎಲ್ಲ ಇದೆ. ‘ಆ ಹುಡುಗಿಯ ಬೆನ್ನು ಬಿಚ್ಚಿ ಎರಡಿಂಚು ಒಳಗೆ ಹಿಡಿ’ ಎಂದರೆ ಯಾರೂ ಆಂಬುಲೆನ್ಸ್ ಕರೆಯುವುದಿಲ್ಲ. ಆದರೆ ಎಲ್ಲೋ ಕೂತು ಕಿವಿ ಕೊಟ್ಟ ಯಂತ್ರಕ್ಕೆ ಅಂಗಿಯೂ ಒಂದೇ, ಅಂಗಿ ತೊಟ್ಟವನೂ ಒಂದೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಕಟ್ಟಿಯೂ ಬಿಟ್ಟಿತ್ತು.

ಹೋದರೆ ಹೋಯಿತು, ಒಂದು ಖಾತೆ ತಾನೆ ಅಂತ ನೀವು ಅನ್ನಬಹುದು. ಅತ್ತೆಯ ಎದುರು ಮಾತ್ರ ಅನ್ನಬೇಡಿ. ಅವರು ಕತ್ತರಿ ಹಿಡಿದ ಕತೆ ಗೊತ್ತಿದ್ದವರು ಹಾಗೆ ಅನ್ನುವುದಿಲ್ಲ.

ಮದುವೆಗೆ ಮುಂಚೆ ಅತ್ತೆ ದೊಡ್ಡ ಬೀದಿಯ ಗಾಜಿನ ಬಾಗಿಲಿನ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಮುಂದೆ ಉದ್ದನೆಯ ಮೇಜು, ಅದರ ಹಿಂದೆ ಕೊರಳಿಗೆ ಟೇಪು ಹಾಕಿಕೊಂಡ ಕಟಿಂಗ್ ಮಾಸ್ಟರ್. ಪರದೆಯ ಹಿಂದಿನ ಕತ್ತಲು ಕೋಣೆಯಲ್ಲಿ ಹೆಂಗಸರು. ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜಾ ಹಾಕುವುದು, ಅಂಚು ಮಡಚುವುದು ಇಷ್ಟೇ ಅವರ ಪಾಲು. ಹೊಲಿಗೆಯಲ್ಲಿ ಕತ್ತರಿ ಹಿಡಿದವನೇ ಯಜಮಾನ. ಉಳಿದವರೆಲ್ಲ ಅವನು ಕತ್ತರಿಸಿಕೊಟ್ಟಿದ್ದನ್ನು ಕೂಡಿಸುವವರು. ನನಗೂ ಕತ್ತರಿಸುವುದನ್ನು ಕಲಿಸಿ ಎಂದು ಕೇಳಿದ್ದಕ್ಕೆ ಮಾಸ್ಟರ್, "ಬಟ್ಟೆ ಕೆಟ್ರೆ ನಿಮ್ಮಪ್ಪ ತಂದ್ಕೊಡ್ತಾನಾ?" ಎಂದಿದ್ದ. ಅತ್ತೆ ಪರದೆಯ ಸಂದಿಯಿಂದ ನೋಡಿ ನೋಡಿಯೇ ಕಲಿತರು.

ಒಂದು ಮಧ್ಯಾಹ್ನ ಮಾಸ್ಟರ್ ಊಟಕ್ಕೆ ಹೋದಾಗ, ಅರ್ಜೆಂಟಿದ್ದ ಅಂಗಿಯೊಂದನ್ನು ಮೇಜಿನ ಮೇಲೆ ಹರಡಿ ತಾವೇ ಕತ್ತು ಕತ್ತರಿಸಿಬಿಟ್ಟರು. ಬಂದವನು ಟೇಪು ಹಿಡಿದು ಆ ಕಡೆಯಿಂದ ಅಳೆದ, ಈ ಕಡೆಯಿಂದ ಅಳೆದ. ಒಂದು ಎಳೆ ಹೆಚ್ಚುಕಮ್ಮಿ ಸಿಕ್ಕಿದ್ದರೆ ಅವನಿಗೂ ಸಮಾಧಾನವಾಗುತ್ತಿತ್ತೇನೋ. ಸಿಗಲಿಲ್ಲ ಅಂತಲೇ ಸಿಟ್ಟು ನೆತ್ತಿಗೇರಿತು.

"ತಪ್ಪಾಯ್ತು ಅನ್ನು. ಅಂದು, ಗುಂಡಿ ಹಚ್ಚೋಕೆ ಹೋಗು."

"ಎಲ್ಲಿ ತಪ್ಪಾಗಿದೆ ತೋರ್ಸಿ, ಅಂತೀನಿ."

ಅವನು ತೋರಿಸಲಿಲ್ಲ, ಇವರು ಅನ್ನಲಿಲ್ಲ. ಅವತ್ತೇ ಅಂಗಡಿಯ ಮೆಟ್ಟಿಲು ಇಳಿದರು. ಹೆಣ್ಣುಮಗಳಿಗೆ ಇಷ್ಟು ಜಂಬ ಒಳ್ಳೆಯದಲ್ಲ ಎಂದು ಬೀದಿಯೆಲ್ಲ ಆಡಿಕೊಂಡಿತು. ಜಂಬವೋ ಗಿಂಬವೋ, ಮದುವೆಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಒಂದು ಮೇಜು ಹಾಕಿದರು. ಗುಂಡಿ ಹಚ್ಚಿ ಹಚ್ಚಿ ಬೆರಳು ತೂತಾದ ಹೆಂಗಸರು ಯಾರೇ ಬರಲಿ, ಅವರ ಕೈಗೆ ಮೊದಲು ಕತ್ತರಿ ಕೊಟ್ಟರು. ಬಿಟ್ಟಿ ಪಾಠ. ಸೊಸೆ ಬಂದ ಮೇಲೆ ಪಾಠ ಫೋನಿಗೆ ಏರಿತು. ಮುಖ ಕಾಣಿಸದು, ಎರಡು ಕೈ, ಒಂದು ಬಟ್ಟೆ, ಸೀಮೆಸುಣ್ಣ, ಮೇಲೆ ಅತ್ತೆಯ ಗದರು ದನಿ ಅಷ್ಟೇ. ಎಲ್ಲೆಲ್ಲಿಯದೋ ಹೆಂಗಸರು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಅಡುಗೆಮನೆಯ ನೆಲದ ಮೇಲೆ ಬಟ್ಟೆ ಹರಡಿ ಕತ್ತರಿಸುತ್ತಿದ್ದರು. ಈಗ ಆ ಪಾಠಗಳೆಲ್ಲ ಬಿಳಿ ಪರದೆಯ ಹಿಂದೆ ಸೇರಿಬಿಟ್ಟಿದ್ದವು.

ಸೊಸೆ ಮನವಿ ಹಾಕಿದಳು. ಮೊದಲು ನೀವು ನೀವೇ ಎಂದು ಸಾಬೀತು ಮಾಡಿ ಎಂದಿತು ಫೋನು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಕತ್ತು ಮೇಲೆತ್ತಿ.

"ನೋಡು, ಅದೂ ಕತ್ತು ಅಂತಿದೆ! ಅದು ಅಂದ್ರೆ ಸರಿ, ನಾನಂದ್ರೆ ಖೂನಿನಾ?"

"ಅತ್ತೆ, ಮಾತಾಡ್ಬೇಡಿ, ಫೋಟೊ ಅಲುಗುತ್ತೆ."

ಮುಖವಾಯಿತು, ಗುರುತಿನ ಚೀಟಿ ಬೇಕಂತೆ. ಖಾತೆಯಲ್ಲಿರುವ ಹೆಸರು ಚೀಟಿಯಲ್ಲಿಲ್ಲ ಎಂದು ಅದಕ್ಕೂ ತಕರಾರು.

"ಕತ್ತರಿ ಅತ್ತೆ ಅಂತ ಯಾವ ಸರ್ಕಾರ ಚೀಟಿ ಕೊಡುತ್ತೆ, ಕೇಳು ಅದನ್ನ," ಎಂದರು ಅತ್ತೆ. ಬಸ್ಸು ಓಡಿಸಿ ನಿವೃತ್ತರಾಗಿದ್ದ ಅವರ ಯಜಮಾನರು ಪೇಪರಿನ ಹಿಂದಿನಿಂದಲೇ, "ಸದ್ಯ, ನಾನಿನ್ನೂ ಜೀವಂತ ಇದ್ದೀನಿ ಅಂತ ಒಂದು ಚೀಟಿ ಕಳ್ಸಿ. ಕೊಲೆಗಾರ್ತಿ ಅಲ್ಲ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?" ಎಂದರು. ಅತ್ತೆ ನೋಡಿದ ನೋಟಕ್ಕೆ ಪೇಪರು ಇನ್ನೂ ಸ್ವಲ್ಪ ಮೇಲಕ್ಕೆ ಹೋಯಿತು.

ಕೆಲವು ದಿನಗಳಾದ ಮೇಲೆ ಉತ್ತರ ಬಂತು. ಸೊಸೆ ಖುಷಿಯಿಂದ ಕೂಗಿದಳು. "ಅತ್ತೆ, ಕೊಡ್ತಾರಂತೆ! ‘ನಾನು ನಿಯಮ ಮುರಿದಿದ್ದು ನಿಜ, ಮತ್ತೆ ಹಾಗೆ ಮಾಡುವುದಿಲ್ಲ’ ಅಂತ ಇಲ್ಲಿ ಒತ್ತಿದ್ರೆ ಸಾಕು, ಖಾತೆ ವಾಪಸ್. ತಪ್ಪಾಗಿರೋ ವಿಡಿಯೊ ಮಾತ್ರ ತೆಗೆದು ಹಾಕ್ತಾರಂತೆ."

"ಯಾವುದು ತೆಗೀತಾರೆ?"

ಸೊಸೆ ಬೆರಳಾಡಿಸುತ್ತ ಓದುತ್ತ ಹೋದಳು. ಓದುತ್ತ ಓದುತ್ತ ಅವಳ ದನಿ ಇಳಿಯಿತು. ಕತ್ತು ಕತ್ತರಿಸುವುದು ಹೋಗುತ್ತದೆ. ಕೈ ಕತ್ತರಿಸುವುದು ಹೋಗುತ್ತದೆ. ಹೆಗಲು ಇಳಿಸುವುದೂ ಇರುವುದಿಲ್ಲ. ಗುಂಡಿ ಹಚ್ಚುವ ಪಾಠ ಉಳಿಯುತ್ತದೆ, ಕಾಜಾ ಉಳಿಯುತ್ತದೆ, ಅಂಚು ಮಡಚುವುದು ಉಳಿಯುತ್ತದೆ.

ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅವರಿಗೆ ಉರಿಯಿತು. ಎಷ್ಟು ವರ್ಷವಾಯಿತು ಆ ಗಾಜಿನ ಬಾಗಿಲಿನಿಂದ ಹೊರಗೆ ಬಂದು! ಆ ಮಾಸ್ಟರ್ ಸತ್ತು ಮಣ್ಣಾಗಿದ್ದಾನೆ. ಆದರೂ ಅವನ ಮಾತು ಅಕ್ಷರ ಬಿಡದೆ ಮತ್ತೆ ಬಂದು ನಿಂತಿತ್ತು, ಈ ಸಲ ನೀಲಿ ಬಟನ್ನಿನ ರೂಪದಲ್ಲಿ.

"ಒತ್ತಲ್ಲ," ಎಂದರು.

"ಅತ್ತೆ, ಈ ತಿಂಗಳು ಮುಗಿದ್ರೆ ಎಲ್ಲಾ ಅಳಿಸಿಬಿಡ್ತಾರೆ. ಆಮೇಲೆ ಬೇಕಂದ್ರೂ ಸಿಗಲ್ಲ. ಒತ್ತೋಣ, ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಇನ್ಮೇಲೆ ಕತ್ತು ಅನ್ನೋ ಬದಲು ನೆಕ್ ಅನ್ನಿ. ನೆಕ್ ಕಟಿಂಗ್ ಅಂದ್ರೆ ಅದು ಏನೂ ಅನ್ನಲ್ಲ, ನಾನು ನೋಡಿದೀನಿ."

"ಹೌದಾ? ಇಂಗ್ಲಿಷಲ್ಲಿ ಅಂದ್ರೆ ಹೊಲಿಗೆ, ನಮ್ಮ ಭಾಷೇಲಿ ಅಂದ್ರೆ ಕೊಲೆನಾ? ಚೆನ್ನಾಗಿದೆ ಕಣೇ ನ್ಯಾಯ! ಅಡುಗೆಮನೆ ನೆಲದ ಮೇಲೆ ಕೂತ್ಕೊಂಡು ಕತ್ತರಿಸೋಳಿಗೆ ಕತ್ತು ಅಂದ್ರೆ ತಿಳಿಯುತ್ತೆ. ನಾನು ಮಾತಾಡೋದು ಅವಳ ಜೊತೆ, ಆ ಡಬ್ಬದ ಜೊತೆ ಅಲ್ಲ."

"ಒಂದು ಬಟನ್ ಒತ್ತಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಕೆ ನಾನೇನು ಕದ್ದಿದೀನಾ?"

ಎರಡು ದಿನ ಅತ್ತೆ ಸೊಸೆ ಉಪ್ಪು, ಹುಳಿ ಬಿಟ್ಟು ಬೇರೆ ಮಾತಾಡಲಿಲ್ಲ.

ಮೂರನೆಯ ದಿನ ಯಾರದೋ ಫೋನು ಬಂತು. ಎಲ್ಲಿಯೋ ಇರುವ ಒಬ್ಬ ಹೆಂಗಸು. ಅತ್ತೆ ಅವಳ ಮುಖ ಕಂಡವರಲ್ಲ. ಅತ್ತೆಯ ಮನೆ ಮುಂದಿನ ಹೊಲಿಗೆ ಬೋರ್ಡಿನ ಹಳೆಯ ಫೋಟೊವೊಂದರಿಂದ ನಂಬರ್ ಹುಡುಕಿ ತೆಗೆದಿದ್ದಳಂತೆ. ಗಾರ್ಮೆಂಟಿನಲ್ಲಿ ಗುಂಡಿ ಹಚ್ಚುವವಳು. ಮರುದಿನ ಕಟಿಂಗ್ ಮೇಜಿಗೆ ಪರೀಕ್ಷೆ. "ಕೈ ಕತ್ತರ್ಸಿ ಆಗಿದೆ ಅತ್ತೆ, ಕತ್ತು ಉಳ್ಕೊಂಡಿದೆ. ನಿಮ್ಮ ಪಾಠ ನೋಡೋಣ ಅಂದ್ರೆ ಕಾಣ್ಸ್ತಾನೇ ಇಲ್ಲ. ಎಲ್ಲಿಗೆ ಹೋದ್ರಿ ನೀವು?" ಎನ್ನುವಾಗ ಅವಳಿಗೆ ಅಳುವೇ ಬಂದಿತ್ತು.

"ಎಲ್ಲಿಗೂ ಹೋಗಿಲ್ಲ ತಾಯಿ, ಇಲ್ಲೇ ಗಟ್ಟಿಯಾಗಿದೀನಿ. ಫೋನ್ ಕಿವಿಗೆ ಸಿಕ್ಕಿಸ್ಕೋ, ಕತ್ತರಿ ಹಿಡಿ," ಎಂದರು ಅತ್ತೆ. ಕಣ್ಣಿಗೆ ಕಾಣದ ಬಟ್ಟೆಯನ್ನು ಮಾತಿನಲ್ಲೇ ಮಡಚಿಸಿ, ಗುರುತು ಹಾಕಿಸಿ, ‘ಹೂಂ, ಈಗ ಕತ್ತರಿಸು ಕತ್ತು, ಧೈರ್ಯವಾಗಿ!’ ಎಂದು ಬೀದಿಗೆ ಕೇಳುವಂತೆ ಕೂಗಿದರು. ಆ ಕಡೆಯಿಂದ ಕತ್ತರಿಯ ಸದ್ದು, ಆಮೇಲೆ ಒಂದು ನಗು ಕೇಳಿಸಿತು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಸೊಸೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಂದವಳೇ ಫೋನು ತೆಗೆದುಕೊಂಡು ಅತ್ತೆಯ ಎದುರಿಗೆ ಕುಳಿತಳು.

"ಬಟನ್ ಬೇಡ. ಇನ್ನೊಂದೇ ಒಂದು ಮನವಿ ಹಾಕೋಕೆ ಬಿಡ್ತಾರೆ, ಅದೇ ಕೊನೇದು. ಹೋದ ಸಲ ನಾನು ಕೈಕಾಲು ಹಿಡ್ಕೊಂಡು ಬರೆದಿದ್ದೆ. ಈ ಸಲ ನೀವು ಹೇಳಿ, ನಾನು ಬರೀತೀನಿ. ಒಂದಕ್ಷರ ತಿದ್ದಲ್ಲ."

ಅತ್ತೆ ಹೇಳಿದರು: ‘ನಾನು ಹೊಲಿಗೆಯವಳು. ಕತ್ತು ಅಂದರೆ ಅಂಗಿಯ ಕತ್ತು. ಇಷ್ಟು ವರ್ಷದಲ್ಲಿ ನಾನು ಕತ್ತರಿಸಿದ ಕತ್ತುಗಳಿಂದ ಸಾವಿರಾರು ತಲೆಗಳು ಸಲೀಸಾಗಿ ತೂರಿ ಹೊರಗೆ ಬಂದಿವೆ. ಒಂದೂ ಉರುಳಿಲ್ಲ. ತಪ್ಪು ನಿಮ್ಮದು. ಕತ್ತರಿಸುವ ಪಾಠ ಒಂದನ್ನೂ ಬಿಡದೆ ವಾಪಸ್ ಕೊಡಿ. ಗುಂಡಿ ಪಾಠ ಬೇಕಾದರೆ ನೀವೇ ಇಟ್ಟುಕೊಳ್ಳಿ.’

"ಒಂದು ‘ದಯವಿಟ್ಟು’ ಹಾಕಲಾ ಅತ್ತೆ?"

"ಹಾಕು. ಮರ್ಯಾದೆಗೆ ಹಾಕು, ಭಯಕ್ಕೆ ಹಾಕ್ಬೇಡ."

ಕಳಿಸಿದರು. ಕೋಣನ ಮುಂದೆ ಕಿನ್ನರಿ ಎಂದರು ಯಜಮಾನರು. ತಿಂಗಳು ಮುಗಿಯುತ್ತ ಬಂತು. ಸೊಸೆ ಆಸ್ಪತ್ರೆಯಲ್ಲಿ ಚೀಟಿ ಕೊಡುತ್ತ ಕೊಡುತ್ತ ಫೋನು ನೋಡುವಳು. ಅತ್ತೆ ನೋಡುತ್ತಿಲ್ಲವೆಂದು ತೋರಿಸಿಕೊಳ್ಳುತ್ತ ನೋಡುವರು. ಒತ್ತಬೇಕಿತ್ತೇ ಎಂದು ಅವರಿಗೆ ಒಮ್ಮೆಯೂ ಅನ್ನಿಸಲಿಲ್ಲ ಎಂದರೆ ಸುಳ್ಳಾದೀತು. ಅನ್ನಿಸಿದಾಗಲೆಲ್ಲ ಎದ್ದುಹೋಗಿ ಯಾವುದಾದರೊಂದು ಬಟ್ಟೆ ಕತ್ತರಿಸುತ್ತಿದ್ದರು.

ಕೊನೆಗೂ ಒಂದು ಸಂಜೆ ಬಿಳಿ ಪರದೆ ಹೋಗಿತ್ತು. ಈ ಸಲ ಓದಿದ್ದು ಮನುಷ್ಯರೋ ಯಂತ್ರವೋ, ಯಾರು ಕಂಡರು! ಕತ್ತು, ಕೈ, ಹೆಗಲಿನ ಪಾಠಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಸೊಸೆ ಅತ್ತೆಯನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿಬಿಟ್ಟಳು.

"ಬಿಡೇ, ಬಿಡೇ. ಏನಂತ ಬರೆದಿದ್ದಾರೆ ಓದು."

"ಮರುಪರಿಶೀಲಿಸಿದ್ದೇವೆ. ನಿಮ್ಮ ಖಾತೆ ನಿಯಮ ಮುರಿದಿಲ್ಲ. ಆದ ಅನನುಕೂಲಕ್ಕೆ ವಿಷಾದಿಸುತ್ತೇವೆ."

"ವಿಷಾದ ಅಂದ್ರೆ ಬೇಜಾರು ತಾನೆ? ಬೇಜಾರು ನಂಗೂ ಆಗಿತ್ತು. ತಪ್ಪಾಯ್ತು ಅಂತ ಇದೆಯಾ?"

"ಇಲ್ಲ ಅತ್ತೆ."

"ಮತ್ತೆ ಕೆಳಗಡೆ ಅದೇನದು?"

"ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ, ಹೌದು, ಇಲ್ಲ, ಅಂತ. ಅದನ್ನ ಯಾರೂ ಒತ್ತಲ್ಲ, ಬಿಡಿ."

ಅತ್ತೆ ಫೋನು ಇಸಿದುಕೊಂಡು ‘ಇಲ್ಲ’ ಒತ್ತಿದರು. ಒಂದು ಖಾಲಿ ಚೌಕ ತೆರೆದುಕೊಂಡು, ನಾವು ಏನನ್ನು ಸುಧಾರಿಸಿಕೊಳ್ಳಬೇಕು ಎಂದು ಕೇಳಿತು. ಸೊಸೆ ಬರೆದುಕೊಡಲು ಕೈ ಚಾಚಿದಳು. ಅತ್ತೆ ಕೊಡಲಿಲ್ಲ. ಕನ್ನಡಕ ಮೇಲೇರಿಸಿ, ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ ತಾವೇ ಬರೆದರು: ‘ನಮ್ಮ ಭಾಷೆ ಕಲಿಯಿರಿ. ಬಿಟ್ಟಿ ಕಲಿಸುತ್ತೇನೆ. ಮೊದಲನೆಯ ಪಾಠ, ಕತ್ತು.’