ಕರು ತೋರಿಸುವ ಹೊತ್ತು

ಮಗಳಿಗೆ ನಾಲ್ಕು ತುಂಬುವ ಮೊದಲೇ ಅವಳನ್ನು ಹ್ಯಾಂಡ್‌ಪೋಸ್ಟ್ ಎಂಬ ಊರಿನ ಪಕ್ಕದ ನನ್ನ ತವರಿನಲ್ಲಿ ಅಮ್ಮನ ಬಳಿ ಬಿಟ್ಟೆ. ನನ್ನ ಕೆಲಸ ಕೆ.ಆರ್. ನಗರದಲ್ಲಿ, ಅಲ್ಲಿ ಅವಳನ್ನು ನೋಡಿಕೊಳ್ಳುವವರಿಲ್ಲ. ಶನಿವಾರ ಸಂಜೆ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ಹೊರಡಬೇಕು.

“ಹೇಳ್ಬುಟ್ಟು ಹೋದ್ರೆ ಮಗು ಅಳ್ತದೆ ಕಣವ್ವ. ಅಂಗೇ ಕಣ್ತಪ್ಪಿಸ್ಕಂಡು ಹೊಂಟೋಗು,” ಎಂದಳು ಅಮ್ಮ. ನಮ್ಮ ಕಡೆ ತಾಯಂದಿರು ಹೊರಡುವುದೇ ಹಾಗೆ. ಅಮ್ಮ ಮಗುವನ್ನು ಸೊಂಟಕ್ಕೇರಿಸಿ “ಬಾ, ಕರ ನೋಡಾನ” ಎಂದು ಕೊಟ್ಟಿಗೆಗೆ ನಡೆದರೆ, ನಾನು ಚಪ್ಪಲಿ ಕೈಲಿ ಹಿಡಿದು ಮುಂಬಾಗಿಲಿನಿಂದ ಜಾರುತ್ತಿದ್ದೆ.

“ಏನಕ್ಕಾ, ಕಳ್ತನಕ್ಕೆ ಬಂದಿದ್ಯಾ?” ಎಂದು ತಮ್ಮ ನಗುತ್ತಿದ್ದ. ನಾನೂ ನಗುತ್ತಿದ್ದೆನೆಂದು ನೆನಪು. ಬಸ್ಸಿನಲ್ಲಿ ಅಳುತ್ತಿದ್ದೆನೇ? ಅಳುತ್ತಿದ್ದೆ ಎಂದು ಬರೆಯಲು ಈಗ ಆಸೆಯಾಗುತ್ತದೆ. ಅದಕ್ಕೇ ಅತ್ತ ನೆನಪನ್ನು ನಂಬುವುದಿಲ್ಲ.

ಬರಬರುತ್ತ ಮಗಳು ಭಾನುವಾರ ಆಟಕ್ಕೆ ಕರೆದರೂ ಹೋಗದಾದಳು. ನಾನು ಬಚ್ಚಲಿಗೆ ಹೋದರೆ ಬಾಗಿಲಾಚೆ ಕೂತಿರುವಳು. ಮಲಗುವಾಗ ಸೆರಗು ಅವಳ ಮುಷ್ಟಿಯಲ್ಲೇ. “ಅಮ್ಮನ್ ಕಂಡ್ರೆ ಅಷ್ಟು ಆಸೆ” ಎಂದರು ಎಲ್ಲರೂ. ನಾನು ಹಿಗ್ಗಿದೆ. ಫೋನಿನಿಂದ ತಲೆಯೆತ್ತದೆಯೇ “ಇಲ್ಲೇ ಇದ್ದೀನಲ್ಲ” ಎನ್ನುತ್ತಿದ್ದೆ. ಅದು ಆಸೆಯಲ್ಲ, ಕಾವಲು ಎಂದು ಹೊಳೆಯಲು ಬಹಳ ದಿನ ಹಿಡಿಯಿತು.

ಕಳೆದ ಸೋಮವಾರ, ಕದ್ದು ಹೋಗುವುದು ಬೇಡ, ಹೇಳಿಯೇ ಹೊರಡೋಣ ಎಂದುಕೊಂಡೆ. ಫೋನು ಚೀಲದೊಳಗಿಟ್ಟು ಅವಳೆದುರು ಕುಕ್ಕರುಗಾಲಲ್ಲಿ ಕೂತೆ. ಎರಡೂ ಕೈ ಹಿಡಿದು, ಕಣ್ಣು ನೋಡುತ್ತ, “ಅಮ್ಮ ಈಗ ಕೆಲಸಕ್ಕೆ ಹೋಗ್ತೀನಿ ಮಗಳೇ. ಶನಿವಾರ ಬಂದೇ ಬತ್ತೀನಿ” ಎಂದೆ. ಅಳುತ್ತಾಳೆ, ಅಪ್ಪಿಕೊಳ್ಳುತ್ತೇನೆ, ಎಷ್ಟು ಹೊತ್ತಾದರೂ ಆಗಲಿ ಎಂದು ಸಿದ್ಧಳಾಗಿದ್ದೆ.

ಅವಳು ಅಳಲಿಲ್ಲ. ಕೈ ಬಿಡಿಸಿಕೊಂಡು, “ಇರು” ಎಂದು, ತಾನೇ ಕೊಟ್ಟಿಗೆಗೆ ನಡೆದಳು. ನನಗೆ ಬೆನ್ನು ಮಾಡಿ ನಿಂತಳು.

“ನಾನು ಕರ ನೋಡ್ತಾವ್ನಿ ಕಣಮ್ಮ. ಈಗ ಹೋಗು.”

ಕೊಟ್ಟಿಗೆ ಖಾಲಿಯಿತ್ತು. ಹಸುವನ್ನೂ ಕರುವನ್ನೂ ತಮ್ಮ ಆಗಲೇ ಹೊಲಕ್ಕೆ ಹೊಡೆದುಕೊಂಡು ಹೋಗಿದ್ದ.

ಹಿಂದೆ ಹೋಗಿ ನಿಂತೆ. “ತಿರುಗು ಚಿನ್ನ, ನನ್ನ ನೋಡು” ಎಂದೆ. ತಿರುಗಲಿಲ್ಲ. ರಸ್ತೆಯಲ್ಲಿ ನನ್ನ ಬಸ್ಸು ಹಾರನ್ ಹೊಡೆದು ಹೋಯಿತು. ನಾನು ಕದಲಲಿಲ್ಲ.

“ಹೋದ್ಯಾ ಅಮ್ಮಾ?”

“ಇಲ್ಲ, ಇಲ್ಲೇ ಇದ್ದೀನಿ.”

ಖಾಲಿ ಗೂಟವನ್ನೇ ನೋಡುತ್ತ, ನನಗೆ ಸಹಾಯ ಮಾಡುವವಳಂತೆ, ಮೆಲ್ಲಗೆ ಹೇಳಿದಳು: “ನಾನು ನೋಡಲ್ಲ. ಹೋಗು.”