ನಾನು ಟೆಸ್ಟ್ ಮಾಡದ ಚೋಥಾ

1998ರಲ್ಲಿ ನಾನು ಪುಣೆ–ಶಿರೂರು ರಸ್ತೆಯ ಒಂದು ಗಿಡಮೂಲಿಕೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ಧಾರವಾಡದ ಎಂ.ಎಸ್ಸಿ. ಹುಡುಗಿ, ಬಾಯಿ ಜೋರು, ಸೊಕ್ಕು ಅದಕ್ಕಿಂತ ಜೋರು. ಒಣಗಿದ ನೆಲಬೇವನ್ನು ಮೆಥನಾಲ್‌ನಲ್ಲಿ ನೆನೆಸಿ ಅದರ ಕಹಿ ಸತ್ವ ತೆಗೆಯುವುದು ಅಲ್ಲಿಯ ಮುಖ್ಯ ಕೆಲಸ. ಮೆಥನಾಲ್ ವಿಷ, ಮಾಲು ಕೊಳ್ಳುವ ಔಷಧ ಕಂಪನಿಯವರು ಅದು ಬೇಡವೆಂದರು. ಬದಲಿಗೆ ನೀರು ಬೆರೆಸಿದ ಎಥನಾಲ್ ಬಳಸುವ ವಿಧಾನವನ್ನು ನಾನು ಸಿದ್ಧಪಡಿಸಿದೆ.

ಅದಕ್ಕೆ ಅಡ್ಡ ನಿಂತವರು ಸೂಪರ್‌ವೈಸರ್ ಗುರಪ್ಪ. ಬೈಲಹೊಂಗಲದ ಕಡೆಯವರು, ಹತ್ತೊಂಬತ್ತು ವರ್ಷ ಅದೇ ಟ್ಯಾಂಕುಗಳ ಮುಂದೆ ನಿಂತವರು. ಸತ್ವ ತೆಗೆದ ಮೇಲೆ ಉಳಿಯುವ ಸೊಪ್ಪಿಗೆ ಅಲ್ಲಿ ಚೋಥಾ ಎನ್ನುತ್ತಾರೆ. ಗುರಪ್ಪ ಹಿಡಿ ಚೋಥಾ ಬಿಸಿಲಿಗೆ ಪೂರ್ತಿ ಆರಿಸಿ, ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿ, ಕಹಿ ಹೋಗಿದ್ದರೆ ಮಾತ್ರ ಟ್ಯಾಂಕ್ ಖಾಲಿ ಮಾಡಿಸುತ್ತಿದ್ದರು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅವರಿಗೂ ನಾನೆಂದರೆ ಆಗುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಬೇಕೆಂದೇ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದರು.

ಮಾಲೀಕರು ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಹೇಳಿಬಿಟ್ಟರು: ಹೊಸ ವಿಧಾನ ಗೆದ್ದರೆ ಟ್ಯಾಂಕುಗಳ ಉಸ್ತುವಾರಿ ನನಗೆ, ಗುರಪ್ಪ ಮನೆಗೆ.

ಮೊದಲ ಬ್ಯಾಚಿನಲ್ಲೇ ಎಕ್ಸ್‌ಟ್ರ್ಯಾಕ್ಟಿನ ತೂಕ ಹಿಂದಿನ ಒಂದೂವರೆ ಪಟ್ಟು ಬಂತು. ಗುರಪ್ಪ ಚೋಥಾದ ರುಚಿ ನೋಡಿ, ಮೊದಲ ಸಲ ನನ್ನ ಜೊತೆ ಕನ್ನಡ ಮಾತಾಡಿದರು.

"ಬಾಯಾರ, ಇದು ಇನ್ನೂ ಭಾಳ ಕಹಿ ಅದರಿ. ಸತ್ವ ಎಲ್ಲಾ ಇದರಾಗ ಉಳದದ. ಒಮ್ಮೆ ಟೆಸ್ಟ್ ಮಾಡ್ರಿ."

"ನಿಮ್ಮ ನಾಲಿಗಿ ಏನ್ ಲ್ಯಾಬೋರೇಟರಿ ಏನ್ರಿ?" ಎಂದೆ, ಕೆಲಸಗಾರರೆಲ್ಲರ ಎದುರು. ಅವರಿಗೂ ತಿಳಿಯಲೆಂದು ಮರಾಠಿಯಲ್ಲಿ ಮತ್ತೊಮ್ಮೆ ಅಂದೆ. ಎಲ್ಲರೂ ನಕ್ಕರು. ತೂಕ ನೋಡಿ ಖುಷಿಯಾಗಿದ್ದ ಮಾಲೀಕರು ಶನಿವಾರವೇ ಗುರಪ್ಪನವರನ್ನು ಕೆಲಸದಿಂದ ಬಿಡಿಸಿದರು.

ಒಂಬತ್ತು ದಿನಕ್ಕೆ ಹೊರಗಿನ ಲ್ಯಾಬಿನಿಂದ ಎಚ್‌ಪಿಎಲ್‌ಸಿ ವರದಿ ಬಂತು. ಎಕ್ಸ್‌ಟ್ರ್ಯಾಕ್ಟಿನಲ್ಲಿ ಸತ್ವ ಎಷ್ಟಿದೆ ಎಂದು ಅಳೆಯುವ ಯಂತ್ರದ ವರದಿ ಅದು. ನಾನು ನೀರು ಹೆಚ್ಚು ಬೆರೆಸಿದ್ದರಿಂದ ಅಂಟು, ಸಕ್ಕರೆಯೆಲ್ಲ ಕರಗಿ ಬಂದಿತ್ತು, ತೂಕ ಅದರದ್ದು. ನೀರಿನಲ್ಲಿ ಕರಗದ ಕಹಿ ಸತ್ವ ಅರ್ಧಕ್ಕರ್ಧ ಚೋಥಾದಲ್ಲೇ ಉಳಿದಿತ್ತು. ಮಾಲು ಇನ್ನೂ ಗೋದಾಮಿನಲ್ಲಿದ್ದುದರಿಂದ ಬಚಾವಾದೆವು. ಎಥನಾಲ್ ಪ್ರಮಾಣ ಏರಿಸಿದೆ, ಎರಡೇ ಬ್ಯಾಚಿನಲ್ಲಿ ಸರಿಹೋಯಿತು. ಗುರಪ್ಪನವರ ಹೆಸರನ್ನು ಮಾಲೀಕರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ನನ್ನ ಸಣ್ಣತನ.

ತಿಂಗಳಾದ ಮೇಲೆ ಮನಸ್ಸು ತಡೆಯದೆ ವರದಿ ಹಿಡಿದು ಅವರ ಮನೆಗೆ ಹೋದೆ. ಹೊಸ್ತಿಲ ಹೊರಗೇ ನಿಲ್ಲಿಸಿದರು.

"ನೀವು ಹೇಳಿದ್ದು ಖರೇ ಆತ್ರಿ" ಎಂದೆ.

"ನಾ ಹೇಳಿದಾಗೂ ಖರೇನ ಇತ್ತಲ್ರಿ" ಎಂದು ಬಾಗಿಲು ಹಾಕಿಕೊಂಡರು.

ಆಮೇಲೆ ಎಷ್ಟೋ ಗಿಡ, ಎಷ್ಟೋ ಸಾಲ್ವೆಂಟ್ ಕಂಡೆ. ಎಲ್ಲೇ ಇದ್ದರೂ ಮೊದಲು ಎಸೆಯುವ ಚೋಥಾ ಪರೀಕ್ಷಿಸಿ, ಆಮೇಲೆಯೇ ತೂಕದ ಮಾತು. ಲ್ಯಾಬಿನಲ್ಲೇ ಅರ್ಧ ದಿನಕ್ಕೆ ಮುಗಿಯುವ ಸಾದಾ ಪರೀಕ್ಷೆ ಅದು. ಅಂದು ನನಗೆ ಪುರಸೊತ್ತಿತ್ತು, ಮನಸ್ಸಿರಲಿಲ್ಲ.